ಚರ್ಚಿನೊಳಗೆ ಪಚಕ್ ಪಚಕ್

ಜರ್ಮನಿಯ ಫ್ರೈಬುರ್ಗ್‌ನಲ್ಲಿ ಮಗನ ಮನೆಗೆ ಹೋಗಿದ್ದೆವು. ಊರ ನಡುವೆ ಮ್ಯೂನ್‌ಸ್ಟರ್ ಅನ್ನೋ ಹಳೇ ಚರ್ಚು. 1200ರ ಸುಮಾರಿಗೆ ಶುರುವಾದ ಕೆಲಸ 1513ರವರೆಗೂ ನಡೆಯಿತಂತೆ. ಮಹಡಿ ಮೇಲೆ ಒಂದು ರೂಮಿಗೆ ಮೂರು ವರ್ಷ ಎಳೆದ ನಮ್ಮ ಮೇಸ್ತ್ರಿಯನ್ನು ಸುಮ್ನೆ ಬೈದುಬಿಟ್ಟೆ ಅನ್ನಿಸಿತು.

ಬಾಗಿಲ ಬಳಿ ಕಲ್ಲಿನಲ್ಲಿ ಬ್ರೆಡ್ಡಿನ ಅಳತೆ ಕೊರೆದಿದ್ದಾರೆ, 1270, 1317 ಅಂತ ಇಸವಿ ಸಮೇತ. ಸುತ್ತಲೂ ಸಂತೆ. ವ್ಯಾಪಾರಿ ಮೋಸ ಮಾಡಿದ ಅನ್ನೋ ಅನುಮಾನ ಬಂದರೆ ಇಲ್ಲಿ ಬಂದು ಹಿಡಿದು ನೋಡಬಹುದಿತ್ತು. ಇಷ್ಟು ಕೇಳಿದ್ದೇ ತಡ, ನನ್ನ ಹೆಂಡತಿ ಚೀಲದಿಂದ ಆಗಷ್ಟೇ ಕೊಂಡ ಬ್ರೆಡ್ಡು ತೆಗೆದು ಗೋಡೆಗೆ ಹಿಡಿದಳು. "ರೀ, ಚಿಕ್ಕದು ಕಣ್ರೀ!" ಪಕ್ಕದ ಪ್ರವಾಸಿಗರು ಚರ್ಚು ಬಿಟ್ಟು ಅವಳ ಫೋಟೋ ತೆಗೆದರು. ಏಳುನೂರು ವರ್ಷ ಹಳೇ ಅಳತೆ ಇಟ್ಟುಕೊಂಡು ಜಗಳಕ್ಕೆ ಹೊರಟವಳನ್ನು ಮಗ ತಡೆದ.

ದಕ್ಷಿಣದ ಗೋಡೆ ಮೇಲೆ, ಮಳೆನೀರು ಹೊರಗೆ ಬೀಳಲಿ ಅಂತ ಮಾಡಿದ ಒಂದು ಕಲ್ಲಿನ ಗೊಂಬೆ ಊರಿಗೆ ಅಂಡು ತೋರಿಸಿಕೊಂಡು ನಿಂತಿದೆ. ಕೂಲಿ ವಿಷಯಕ್ಕೆ ಸಿಟ್ಟಾದ ಶಿಲ್ಪಿಯ ಕೆಲಸ ಅಂತ ಕಥೆ. ನಮ್ಮ ಮೇಸ್ತ್ರಿಗೆ ಇದನ್ನು ಹೇಳಬಾರದು.

ಗೋಪುರ 116 ಮೀಟರ್. ಪೂರ್ತಿ ಫೋಟೋದಲ್ಲಿ ಹಿಡಿಸಲಿ ಅಂತ ಹಿಂದೆ ಹಿಂದೆ ಹೋದೆ. ಪಕ್ಕದ ಬೀದಿವರೆಗೂ ಹೋದೆ. ಆಮೇಲೆ ಬಲಗಾಲು ತಣ್ಣಗಾಯಿತು. ಈ ಊರಿನ ಬೀದಿಗಳಲ್ಲಿ ಬೆಷ್ಲೆ ಅನ್ನೋ ಸಣ್ಣ ಕಾಲುವೆಗಳಿವೆ, ಡ್ರೈಸಾಮ್ ಹೊಳೆ ನೀರು ಹರಿಯುತ್ತೆ. ಹಿಂದೆ ಬೆಂಕಿ ಆರಿಸೋಕೆ, ದನಕರುಗಳಿಗೆ ಅಂತ ಮಾಡಿದ್ದು. ಈಗ ನನ್ನಂಥವರಿಗೆ.

ಒದ್ದೆ ಬೂಟಲ್ಲೇ ಚರ್ಚಿನೊಳಗೆ ಹೋದೆವು. ಒಳಗೆ ಸೂಜಿ ಬಿದ್ದರೂ ಕೇಳೋ ಮೌನ. ನಾನು ಹೆಜ್ಜೆ ಇಟ್ಟರೆ ಪಚಕ್. ಇನ್ನೊಂದು ಇಟ್ಟರೆ ಸುಮ್ಮನೆ, ಎಡಗಾಲು ಒಣಗಿತ್ತಲ್ಲ. ಮತ್ತೆ ಪಚಕ್. ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದ ಅಜ್ಜಿಯೊಬ್ಬರು ಒಂದೇ ಕಣ್ಣು ತೆರೆದು ನೋಡಿದರು. ನಾನು ಮೇಲೆ ನೋಡಿದೆ. ಅಲ್ಲಿನ ಎಷ್ಟೋ ಬಣ್ಣದ ಗಾಜಿನ ಕಿಟಕಿಗಳನ್ನು ಕಸುಬುದಾರರ ಸಂಘಗಳು ಕೊಡಿಸಿದ್ದು, ಅವುಗಳಲ್ಲಿ ಅವರವರ ಗುರುತು. ನನ್ನ ಕಣ್ಣಿಗೆ ಬಿದ್ದದ್ದು ಚಮ್ಮಾರರ ಕಿಟಕಿ. ಅದರಲ್ಲೊಂದು ಬೂಟು, ಒಣಗಿದ್ದು.

ಹೊರಗೆ ಬಂದ ಮೇಲೆ ಮಗ ನಗುತ್ತಾ ಹೇಳಿದ, "ಅಪ್ಪ, ಬೆಷ್ಲೆಗೆ ಗೊತ್ತಿಲ್ದೆ ಕಾಲಿಟ್ಟವರು ಈ ಊರವರನ್ನೇ ಮದುವೆ ಆಗ್ತಾರಂತೆ."

ಹೆಂಡತಿ ಬ್ರೆಡ್ಡು ಮುರಿಯುತ್ತಾ ಅಂದಳು, "ಆಗ್ಲಿ ಬಿಡು. ಬೆಳಗ್ಗೆ ಐದಕ್ಕೆ ಕಾಫಿ ಕೊಡ್ಬೇಕು, ಅದ್ರಲ್ಲೂ ಚಿಕೋರಿ ಕಮ್ಮಿ ಇರ್ಬೇಕು ಅಂತ ಅವ್ಳಿಗೆ ಮೊದ್ಲೇ ಹೇಳ್ಬಿಡು."