ಚೌಕಟ್ಟಿನಿಂದ ಹೊರಗೆ ಹೋದವರು

1936ರಲ್ಲಿ ಫೋಟೊಗ್ರಾಫರ್ ಡೊರೊಥಿಯಾ ಲ್ಯಾಂಗ್ ಅಮೆರಿಕದ ಮಿಸಿಸಿಪಿಯಲ್ಲಿ ತೆಗೆದ ಒಂದು ಫೋಟೊ ಇದೆ. ಹತ್ತಿ ಬೆಳೆಯುವ ಸೀಮೆ. ದಪ್ಪನೆಯ ಬಿಳಿಯ ಯಜಮಾನನೊಬ್ಬ ಕಾರಿನ ಬಂಪರ್ ಮೇಲೆ ಒಂದು ಕಾಲಿಟ್ಟು ಗತ್ತಿನಿಂದ ನಿಂತಿದ್ದಾನೆ. ಅವನ ಹಿಂದೆ ಅಂಗಡಿಯ ಜಗಲಿಯಲ್ಲಿ ಕಪ್ಪು ಕೂಲಿಗಳಿದ್ದಾರೆ. ಆ ಗತ್ತು ಯಾರ ಮೇಲೆ ಅನ್ನೋದು ಅವರನ್ನು ನೋಡಿದರೆ ತಾನಾಗಿ ತಿಳಿಯುತ್ತದೆ. ಎರಡು ವರ್ಷದ ನಂತರ ಕವಿ ಆರ್ಚಿಬಾಲ್ಡ್ ಮೆಕ್ಲೀಷ್ ‘ಲ್ಯಾಂಡ್ ಆಫ್ ದ ಫ್ರೀ’ (ಸ್ವತಂತ್ರರ ನಾಡು) ಎಂಬ ಪುಸ್ತಕಕ್ಕೆ ಇದೇ ಫೋಟೊ ಆರಿಸಿಕೊಂಡರು. ಅಲ್ಲಿ ಬಿಳಿಯ ಮನುಷ್ಯ ಮಾತ್ರ ಉಳಿದ. ಜಗಲಿಯಲ್ಲಿದ್ದವರನ್ನು ಕತ್ತರಿಸಿ ತೆಗೆದಿದ್ದರು. ಜನಾಂಗದ ದಬ್ಬಾಳಿಕೆಯನ್ನು ತೋರಿಸುತ್ತಿದ್ದ ಚಿತ್ರ ಸ್ವತಂತ್ರ ಅಮೆರಿಕನ್ನನ ಭಾವಚಿತ್ರವಾಗಿಬಿಟ್ಟಿತು.

ಲ್ಯಾಂಗ್ ನೋಡಿದ್ದರು, ಕ್ಲಿಕ್ ಮಾಡಿದ್ದರು. ಅವರ ಕಾಳಜಿಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಜಪಾನಿ ಮೂಲದ ಅಮೆರಿಕನ್ನರನ್ನು 1942ರಲ್ಲಿ ಸರ್ಕಾರ ಶಿಬಿರಗಳಿಗೆ ತಳ್ಳಿದಾಗ ಅವರು ತೆಗೆದ ಚಿತ್ರಗಳು ಎಷ್ಟು ನೇರವಾಗಿದ್ದವೆಂದರೆ, ಯುದ್ಧ ಮುಗಿಯುವವರೆಗೆ ಸೇನೆ ಅವನ್ನು ಹೊರಬಿಡಲೇ ಇಲ್ಲ. ಆದರೆ ಒಬ್ಬ ಒಳ್ಳೆಯ ಮನುಷ್ಯ ಕ್ಯಾಮೆರಾ ಹಿಡಿದ ಮಾತ್ರಕ್ಕೆ ಡಾಕ್ಯುಮೆಂಟರಿ ಫೋಟೊಗ್ರಫಿಯ ಸಾಮಾಜಿಕ ಹೊಣೆ ತೀರಿತು ಅಂತ ನಾವೆಲ್ಲ ನಂಬಿಕೊಂಡಿದ್ದೇವಲ್ಲ, ನನ್ನ ತಕರಾರು ಅದರ ಬಗ್ಗೆ. ಯಾವ ಚಿತ್ರ ಅಚ್ಚಾಗಬೇಕು, ಯಾರನ್ನು ಕತ್ತರಿಸಬೇಕು, ಕೆಳಗೆ ಏನು ಬರೆಯಬೇಕು, ಚಿತ್ರ ಕೊನೆಗೆ ಯಾರ ಸ್ವತ್ತು ಎನ್ನುವುದನ್ನೆಲ್ಲ ತೀರ್ಮಾನಿಸುವವರು ಬೇರೆ. ಚಿತ್ರದೊಳಗಿರುವ ಮನುಷ್ಯನಿಗೆ ಆ ಕೋಣೆಯೊಳಗೆ ಇವತ್ತಿಗೂ ಕುರ್ಚಿ ಇಲ್ಲ.

ಲ್ಯಾಂಗ್ ಅವರದೇ ‘ಮೈಗ್ರೆಂಟ್ ಮದರ್’ ಚಿತ್ರವನ್ನು ನೋಡದವರು ಕಡಿಮೆ. ಕೆನ್ನೆಗೆ ಕೈ ತಾಗಿಸಿ ಎಲ್ಲೋ ನೋಡುತ್ತಿರುವ ತಾಯಿ, ಭುಜಕ್ಕೆ ಮುಖ ಮರೆಸಿಕೊಂಡ ಮಕ್ಕಳು. ಬಡ ಬಿಳಿಯ ಅಮೆರಿಕದ ಕಷ್ಟಕ್ಕೆ ಆ ಮುಖವೇ ಗುರುತಾಯಿತು. ಆಕೆಯ ಹೆಸರನ್ನಾಗಲಿ ಹಿನ್ನೆಲೆಯನ್ನಾಗಲಿ ತಾನು ಕೇಳಲಿಲ್ಲ ಅಂತ ಲ್ಯಾಂಗ್ ಅವರೇ ಮುಂದೆ ಬರೆದರು. ಹೆಸರು ಹೊರಗೆ ಬರಲು 1978 ಆಗಬೇಕಾಯಿತು: ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಆಕೆ ಚೆರೋಕಿ ಮೂಲದವರು, ಅಂದರೆ ಆ ನೆಲದ ಮೂಲನಿವಾಸಿಗಳ ವಂಶದವರು. ಈ ಫೋಟೊ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು, ಇದರಿಂದ ತನಗೆ ಒಂದು ಕಾಸೂ ಬರಲಿಲ್ಲ ಅಂದರು ಆಕೆ. ಜಗತ್ತಿನ ಅತಿ ಹೆಚ್ಚು ಅಚ್ಚಾದ ಮುಖಗಳಲ್ಲಿ ಒಂದರ ಒಡತಿಯ ಮಾತಿದು. ಓದಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಫಿಲ್ಮ್‌ನ ವಿಷಯವನ್ನೂ ಹೇಳಬೇಕು, ಯಾಕೆಂದರೆ ಯಂತ್ರಕ್ಕೆ ಜನಾಂಗಭೇದ ಗೊತ್ತಿಲ್ಲ ಅನ್ನುವವರು ಬಹಳ ಮಂದಿ ಇದ್ದಾರೆ. ದಶಕಗಳ ಕಾಲ ಕೊಡಾಕ್ ಕಂಪನಿ ಲ್ಯಾಬುಗಳಿಗೆ ‘ಶರ್ಲಿ ಕಾರ್ಡ್’ ಕಳಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿಯ ಹೆಣ್ಣುಮಗಳ ಚಿತ್ರ. ಆಕೆಯ ಚರ್ಮದ ಬಣ್ಣ ಸರಿಯಾಗಿ ಬಂದರೆ ಪ್ರಿಂಟ್ ಸರಿ ಅಂತ ಲೆಕ್ಕ. ಒಂದೇ ತರಗತಿಯ ಫೋಟೊದಲ್ಲಿ ಬಿಳಿಯ ಮಕ್ಕಳ ಮುಖ ಸ್ಪಷ್ಟ, ಕಪ್ಪು ಮಕ್ಕಳಲ್ಲಿ ಕಣ್ಣು ಹಲ್ಲು ಬಿಟ್ಟರೆ ಬೇರೇನೂ ಇಲ್ಲ. ತಾಯಂದಿರು ದೂರಿದರು. ಆದರೆ ಕಂದು ಬಣ್ಣದ ಸೂಕ್ಷ್ಮ ಛಾಯೆಗಳ ಬಗ್ಗೆ ಕಂಪನಿಗೆ ಚುರುಕು ಮುಟ್ಟಿಸಿದ್ದು ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರು. ತಮ್ಮ ಸರಕು ಜಾಹೀರಾತಿನಲ್ಲಿ ಸರಿಯಾಗಿ ಕಾಣುತ್ತಿಲ್ಲ ಅಂತ ಅವರ ದೂರು. ಬೇರೆ ಬೇರೆ ಮೈಬಣ್ಣದವರು ಒಟ್ಟಿಗಿರುವ ಕಾರ್ಡ್ ಬಂದದ್ದು 1990ರ ದಶಕದಲ್ಲಿ.

ಇಷ್ಟೆಲ್ಲ ಗೊತ್ತಿದ್ದೂ ಈ ಕಲೆಯ ಮೇಲೆ ನನಗೆ ನಂಬಿಕೆ ಉಳಿದಿರುವುದು ಗಾರ್ಡನ್ ಪಾರ್ಕ್ಸ್ ಅವರಿಂದ. 1912ರಲ್ಲಿ ಕ್ಯಾನ್ಸಸ್‌ನ ಬಡ ಕುಟುಂಬದಲ್ಲಿ ಹುಟ್ಟಿದ ಕಪ್ಪು ಹುಡುಗ. ಗಿರವಿ ಅಂಗಡಿಯಲ್ಲಿ ಕೊಂಡ ಕ್ಯಾಮೆರಾದಿಂದ ತಾನೇ ಕಲಿತವರು. ಲ್ಯಾಂಗ್ ಮೊದಲು ಕೆಲಸ ಮಾಡಿದ್ದ ಸರ್ಕಾರಿ ಫೋಟೊ ವಿಭಾಗ ಸೇರಲು 1942ರಲ್ಲಿ ವಾಷಿಂಗ್ಟನ್‌ಗೆ ಬಂದರು. ಮುಖ್ಯಸ್ಥ ರಾಯ್ ಸ್ಟ್ರೈಕರ್ ಅವರನ್ನು ಕ್ಯಾಮೆರಾ ಇಲ್ಲದೆ ಊರು ಸುತ್ತಿ ಬಾ ಅಂತ ಕಳಿಸಿದರು. ಬಟ್ಟೆ ಅಂಗಡಿ, ಹೋಟೆಲ್, ಸಿನಿಮಾ, ಎಲ್ಲ ಕಡೆಯೂ ಬಾಗಿಲು ಮುಚ್ಚಿತು. ಸಿಟ್ಟಿನಲ್ಲಿ ಮರಳಿದ ಪಾರ್ಕ್ಸ್ ಅವರಿಗೆ, ಇದೇ ಕಟ್ಟಡದಲ್ಲಿ ಕಸ ಗುಡಿಸುವ ಹೆಂಗಸಿದ್ದಾರೆ, ಹೋಗಿ ಮಾತಾಡು ಅಂದರು ಸ್ಟ್ರೈಕರ್.

ಎಲ್ಲಾ ವ್ಯಾಟ್ಸನ್ ಎಂಬ ಆ ಹೆಂಗಸು ಪೊರಕೆ, ನೆಲ ಒರೆಸುವ ಕೋಲುಗಳ ಜೊತೆ ಅಮೆರಿಕದ ಬಾವುಟದ ಮುಂದೆ ನಿಂತಿರುವ ಚಿತ್ರ ಜಗತ್ಪ್ರಸಿದ್ಧವಾಯಿತು. ನನಗೆ ಹೆಚ್ಚು ಬೆಲೆಯುಳ್ಳದ್ದು ಅನ್ನಿಸುವುದು ಆಮೇಲೆ ನಡೆದದ್ದು. ಪಾರ್ಕ್ಸ್ ಒಂದು ಚಿತ್ರ ಸಿಕ್ಕಿತು ಅಂತ ಹೊರಡಲಿಲ್ಲ. ಆಕೆಯ ಮನೆಗೆ ಹೋದರು, ಚರ್ಚಿಗೆ ಹೋದರು, ಆಕೆ ಸಾಕುತ್ತಿದ್ದ ಮಕ್ಕಳನ್ನು ಕಂಡರು. ಆ ಇಡೀ ಸರಣಿ ನೋಡಿದರೆ ಎಲ್ಲಾ ವ್ಯಾಟ್ಸನ್ ಸಂಕೇತವಾಗಿ ಉಳಿಯುವುದಿಲ್ಲ, ಸಂಸಾರ ತೂಗಿಸುವ, ಭಕ್ತಿ ಇರುವ, ದಣಿದ ಒಬ್ಬ ಹೆಣ್ಣಾಗುತ್ತಾರೆ. ಬಿಳಿಯ ಫೋಟೊಗ್ರಾಫರ್‌ಗೆ ಇದು ಸಾಧ್ಯವೇ ಇರಲಿಲ್ಲ ಅಂತ ನಾನು ಹೇಳಲಾರೆ. ಆದರೆ ಹೋಟೆಲ್ ಬಾಗಿಲಲ್ಲಿ ಅವಮಾನ ಉಂಡು ಬಂದವರ ಕಣ್ಣಿಗೆ ಆ ಪೊರಕೆ, ಆ ಬಾವುಟ ಬೇರೆಯಾಗಿಯೇ ಕಂಡಿರಬೇಕು. ವೈವಿಧ್ಯ ಬೇಕು ಅಂದಾಗ ನಾನು ಕೇಳುತ್ತಿರುವುದು ಇದನ್ನೇ. ಸಂಸ್ಥೆಯ ಗುಂಪುಚಿತ್ರ ಬಣ್ಣಬಣ್ಣವಾಗಿ ಕಾಣಲಿ ಎಂಬ ಆಸೆಯಿಂದ ಅಲ್ಲ.

ಹಾಗಂತ ಕ್ಯಾಮೆರಾ ಪಾರ್ಕ್ಸ್ ಕೈಗೆ ಬಂದ ಕೂಡಲೇ ಎಲ್ಲವೂ ನೆಟ್ಟಗಾಯಿತೇ? 1948ರಲ್ಲಿ ‘ಲೈಫ್’ ಪತ್ರಿಕೆಗಾಗಿ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನ ಹದಿಹರೆಯದ ಗ್ಯಾಂಗ್ ನಾಯಕನೊಬ್ಬನ ಜೊತೆ ವಾರಗಟ್ಟಲೆ ಇದ್ದು ಅವರು ನೂರಾರು ಚಿತ್ರ ತೆಗೆದರು. ಮನೆಯಲ್ಲಿ ಪಾತ್ರೆ ತೊಳೆಯುವ ಹುಡುಗ, ಅಮ್ಮನ ಜೊತೆ ಇರುವ ಹುಡುಗ, ಎಲ್ಲವೂ ಅದರಲ್ಲಿತ್ತು. ಸಂಪಾದಕರು ಆರಿಸಿದ್ದು 21. ಅಚ್ಚಾದ ಪುಟಗಳ ತುಂಬ ಹೊಡೆದಾಟ, ಭಯ, ಕತ್ತಲು. ಕಪ್ಪು ಫೋಟೊಗ್ರಾಫರ್ ತೆಗೆದ ಚಿತ್ರಗಳಿಂದಲೇ ಬಿಳಿಯ ಓದುಗರ ಹಳೆಯ ಭಯಕ್ಕೆ ಹೊಸ ಪುರಾವೆ ತಯಾರಾಯಿತು. ಈ ಕಾರಣಕ್ಕೇ, ಬೀದಿಗೆ ಯಾರನ್ನು ಕಳಿಸುತ್ತೀರಿ ಎನ್ನುವಷ್ಟೇ ಜೋರಾಗಿ ಸಂಪಾದಕರ ಮೇಜಿನ ಸುತ್ತ ಯಾರು ಕೂತಿದ್ದಾರೆ ಅಂತಲೂ ಕೇಳಬೇಕು.

1956ರಲ್ಲಿ ಅದೇ ಪತ್ರಿಕೆಗೆ ಅಲಬಾಮಾದ ವರ್ಣಭೇದದ ಬದುಕನ್ನು ಪಾರ್ಕ್ಸ್ ಬಣ್ಣದಲ್ಲಿ ಸೆರೆಹಿಡಿದರು. ಅಷ್ಟು ಘನತೆಯ ಚಿತ್ರಗಳು ಕಡಿಮೆ. ಆದರೆ ಅದರಲ್ಲಿ ಮನಸ್ಸು ಬಿಚ್ಚಿ ಮಾತಾಡಿದ ಶಿಕ್ಷಕಿಯ ಕೆಲಸ ಹೋಯಿತು, ಗಂಡನ ದುಡಿಮೆಯೂ ನಿಂತಿತು, ಕುಟುಂಬ ಊರು ಬಿಡಬೇಕಾಯಿತು. ಬೇರೆಡೆ ನೆಲೆಸಲು ಪತ್ರಿಕೆ ಹಣ ಕೊಟ್ಟಿತು, ಅದನ್ನೂ ಹೇಳಲೇಬೇಕು. ಫೋಟೊಗ್ರಾಫರ್ ರೈಲು ಹತ್ತಿ ಹೋದ ಮೇಲೆ ಚಿತ್ರದಲ್ಲಿದ್ದವರು ಅದೇ ನೆರೆಹೊರೆಯವರ ನಡುವೆ ಬದುಕಬೇಕು. ಒಪ್ಪಿಗೆ ಕೇಳುವಾಗ ಇದನ್ನು ಬಾಯಿಬಿಟ್ಟು ಹೇಳುವವರು ಎಷ್ಟು ಜನ?

‘ನ್ಯಾಷನಲ್ ಜಿಯಾಗ್ರಫಿಕ್’ 2018ರ ಏಪ್ರಿಲ್ ಸಂಚಿಕೆಯಲ್ಲಿ ತನ್ನ ದಶಕಗಳ ವರದಿ ಜನಾಂಗೀಯವಾದಿಯಾಗಿತ್ತು ಅಂತ ಬಹಿರಂಗವಾಗಿ ಒಪ್ಪಿಕೊಂಡಿತು. ಸ್ವಾಗತ. ಆದರೆ ತಪ್ಪೊಪ್ಪಿಗೆ ಬರೆಯುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ, ಇಟ್ಟುಕೊಂಡಿದ್ದನ್ನು ಮರಳಿಸುವುದು.

1850ರಲ್ಲಿ ಹಾರ್ವರ್ಡ್‌ನ ವಿಜ್ಞಾನಿ ಲೂಯಿ ಅಗಾಸಿಗಾಗಿ ದಕ್ಷಿಣ ಕೆರೊಲಿನಾದಲ್ಲಿ ಜೋಸೆಫ್ ಜೀಲಿ ಎಂಬ ಫೋಟೊಗ್ರಾಫರ್ ಗುಲಾಮರ ಬಟ್ಟೆ ಬಿಚ್ಚಿಸಿ ಚಿತ್ರ ತೆಗೆದ. ಕಪ್ಪು ಜನ ಬೇರೆಯೇ ಮೂಲದವರು ಅಂತ ಸಾಧಿಸುವುದು ಅಗಾಸಿಯ ಹಟ. ಆ ಚಿತ್ರಗಳಲ್ಲಿ ರೆಂಟಿ ಮತ್ತು ಆತನ ಮಗಳು ಡೀಲಿಯಾ ಇದ್ದಾರೆ. ತಾನು ರೆಂಟಿಯ ವಂಶದವಳು, ಚಿತ್ರ ಕೊಡಿ ಅಂತ ತಮಾರಾ ಲೇನಿಯರ್ 2019ರಲ್ಲಿ ಹಾರ್ವರ್ಡ್ ಮೇಲೆ ದಾವೆ ಹೂಡಿದರು. ಚಿತ್ರದಲ್ಲಿರುವ ಮಾತ್ರಕ್ಕೆ ಒಡೆತನ ಬರುವುದಿಲ್ಲ ಅಂತ ಕೆಳ ನ್ಯಾಯಾಲಯ ಹೇಳಿತು. ಕಾನೂನಿನ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ಆದರೆ ಬೇಡ ಅನ್ನುವ ಹಕ್ಕೇ ಇಲ್ಲದವನನ್ನು ಬೆತ್ತಲೆ ನಿಲ್ಲಿಸಿದ ಕ್ಷಣಕ್ಕೆ ಮಾಮೂಲಿ ಫೋಟೊ ಸ್ಟುಡಿಯೊದ ನಿಯಮ ಹಚ್ಚಿದರೆ ಹೇಗೆ? 2022ರಲ್ಲಿ ಹಾರ್ವರ್ಡ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಒಡೆತನ ಕೊಡದಿದ್ದರೂ, ಆಕೆಗಾದ ಮಾನಸಿಕ ಯಾತನೆಯ ದಾವೆ ಮುಂದುವರಿಯಬಹುದು ಅಂದಿತು. 2025ರ ಮೇ ತಿಂಗಳಲ್ಲಿ ರಾಜಿಯಾಯಿತು. ಚಿತ್ರಗಳು ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿರುವ ಆಫ್ರಿಕನ್ ಅಮೆರಿಕನ್ ಮ್ಯೂಸಿಯಮ್‌ಗೆ ಹೋಗುವುದೆಂದು ತೀರ್ಮಾನವಾಯಿತು.

ಇದಕ್ಕಾಗಿ ಒಬ್ಬ ಹೆಣ್ಣುಮಗಳು ಆರು ವರ್ಷ ಕೋರ್ಟು ಅಲೆಯಬೇಕಾಯಿತು. ಜನಾಂಗಗಳನ್ನು ಅಳೆದು ವಿಂಗಡಿಸಲೆಂದು ತೆಗೆಸಿದ ಇಂಥ ಚಿತ್ರಗಳು ಯುರೋಪು, ಅಮೆರಿಕದ ಇನ್ನೂ ಹಲವು ಸಂಗ್ರಹಗಳಲ್ಲಿವೆ. ಅವನ್ನು ಇಟ್ಟುಕೊಂಡಿರುವ ಸಂಸ್ಥೆಗಳು ದಾವೆ ಬರಲಿ ಅಂತ ಕಾಯಬಾರದು. ತಮ್ಮಲ್ಲಿರುವ ಚಿತ್ರಗಳ ಪಟ್ಟಿಯನ್ನು ಬಹಿರಂಗಪಡಿಸಲಿ. ವಂಶದವರು ಯಾರೆಂದು ಹುಡುಕುವ ಖರ್ಚನ್ನು ಸಂಸ್ಥೆಗಳೇ ಹೊರಲಿ. ಯಾವುದನ್ನು ತೋರಿಸಬೇಕು, ಯಾವುದನ್ನು ಮುಚ್ಚಿಡಬೇಕು ಅನ್ನುವುದನ್ನು ಆ ಕುಟುಂಬಗಳು, ಆ ಸಮುದಾಯಗಳು ಹೇಳಲಿ. ಬೇಡ ಅಂದರೆ, ಎಷ್ಟೇ ಅಪರೂಪದ ಚಿತ್ರವಾದರೂ, ಆ ಬೇಡ ನಡೆಯಬೇಕು.