ಪೋಲೆಂಡಿನ ಪುಟ್ಟ ಫಿಯೆಟ್ ಯಾರ ಕಾರು?

ಪೋಲ್ಸ್ಕಿ ಫಿಯೆಟ್ 126ಪಿ ಅಂತ ಒಂದು ಪುಟಾಣಿ ಕಾರಿತ್ತು. ಇದರ ಮಾತು ಬಂದಾಗಲೆಲ್ಲ "ಅದು ಇಟಲಿಯವರ ಕಾರು, ಪೋಲೆಂಡಿನವರು ಸುಮ್ನೆ ಲೈಸೆನ್ಸ್ ತಗೊಂಡು ಜೋಡಿಸಿದ್ದು" ಅಂತ ಯಾರಾದ್ರೂ ಹೇಳಿಯೇ ಹೇಳುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ನಮ್ಮ ಪ್ರೀಮಿಯರ್ ಪದ್ಮಿನಿಯೂ ಫಿಯೆಟ್ ಲೈಸೆನ್ಸಿನಲ್ಲೇ ಹುಟ್ಟಿದ್ದು. ಅದು ನಮ್ಮದಲ್ಲ ಅಂತ ಯಾರಾದ್ರೂ ಅಂತಾರಾ?

1971ರ ಅಕ್ಟೋಬರಿನಲ್ಲಿ ಒಪ್ಪಂದ ಆಯಿತು. ಇಟಲಿಯಲ್ಲಿ ಮೂಲ ಕಾರು ಹೊರಬಂದದ್ದೇ 1972ರಲ್ಲಿ. ಮರುವರ್ಷ ಜೂನ್‌ನಲ್ಲೇ ಪೋಲೆಂಡಿನ ಬಿಯೆಲ್ಸ್ಕೊ-ಬ್ಯಾವಾ ಊರಲ್ಲಿ ಕೆಲಸ ಶುರು. ಮೊದಮೊದಲು ಬಿಡಿಭಾಗಗಳು ಇಟಲಿಯಿಂದಲೇ ಬರುತ್ತಿದ್ದವು ನಿಜ. ಆಮೇಲೆ ತಿಹಿ ಊರಲ್ಲೂ ಕಾರ್ಖಾನೆ ಎದ್ದಿತು.

ಉದ್ದ ಮೂರು ಮೀಟರಿಗಿಂತ ಚೂರೇ ಜಾಸ್ತಿ. ಶುರುವಿನ ಕಾರುಗಳಲ್ಲಿ ಹಿಂದುಗಡೆ ಎರಡು ಸಿಲಿಂಡರಿನ 594 ಸಿಸಿ ಇಂಜಿನ್, ಶಕ್ತಿ ಬರೀ 23 ಎಚ್‌ಪಿ. ಇವತ್ತು ನಮ್ಮ ರಸ್ತೆಯಲ್ಲಿ ಓಡಾಡುವ ಎಷ್ಟೋ ಬೈಕುಗಳಿಗೆ ಇದಕ್ಕಿಂತ ಹೆಚ್ಚು ಶಕ್ತಿಯಿದೆ. ರೇಡಿಯೇಟರ್ ಇಲ್ಲ, ಇಂಜಿನ್ ತಣ್ಣಗಾಗೋದು ಗಾಳಿಯಿಂದಲೇ. ಹಳೆಯ ಮಾಡೆಲ್‌ನಲ್ಲಿ ಕೀಲಿ ತಿರುಗಿಸಿದರೆ ಮಾತ್ರ ಸಾಲದು, ಎರಡು ಸೀಟುಗಳ ನಡುವೆ ಕೆಳಗೆ ಎರಡು ಪುಟ್ಟ ಲಿವರ್ ಇರುತ್ತವೆ, ಚಳಿಯಲ್ಲಿ ಮೊದಲು ಚೋಕ್ ಎಳೆದು ಆಮೇಲೆ ಸ್ಟಾರ್ಟರ್ ಎಳೆಯಬೇಕು.

ಬೆಲೆ ಶುರುವಿನಲ್ಲಿ 69,000 ಜ್ಲೋಟಿ, ಅಂದರೆ ಸಾಮಾನ್ಯ ನೌಕರನ 20 ತಿಂಗಳಿಗೂ ಹೆಚ್ಚಿನ ಸಂಬಳ. ಅಷ್ಟು ಕೊಟ್ಟರೂ ಕಾರು ಕೈಗೆ ಬರುತ್ತಿರಲಿಲ್ಲ. ಬ್ಯಾಂಕಿನಲ್ಲಿ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಎಂಬತ್ತರ ದಶಕದಲ್ಲಂತೂ ಸಂತೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರಿಗೆ ಹೊಸ ಕಾರಿನ ಸರ್ಕಾರಿ ಬೆಲೆಗಿಂತ ಜಾಸ್ತಿ ದುಡ್ಡು! ಜನರ ದುಡ್ಡು ಇಟ್ಟುಕೊಂಡು ಜನರನ್ನೇ ಕಾಯಿಸೋದು ಅನ್ಯಾಯ ಅಲ್ವಾ?

ಅದಕ್ಕೇ, ಈ ಕಾರಿನ ಹೆಸರಲ್ಲಿ ಒಪ್ಪಂದ ಆದಾಗ ಪೋಲೆಂಡನ್ನು ಆಳುತ್ತಿದ್ದ ಕಮ್ಯುನಿಸ್ಟ್ ನಾಯಕ ಎಡ್ವರ್ಡ್ ಗ್ಯೆರೆಕ್‌ನನ್ನು ಹೊಗಳೋದು ನನಗೆ ಹಿಡಿಸಲ್ಲ. ಬಿಡಿಭಾಗ ಸಿಗದೆ ಮನೆ ಮುಂದೆ ತಾವೇ ಬಿಚ್ಚಿ ರಿಪೇರಿ ಮಾಡಿಕೊಂಡವರು ಜನ. ಇಡೀ ಸಂಸಾರ ಒಳಗೆ ತುಂಬಿಸಿ, ಟಾಪಿನ ಮೇಲೆ ಸಾಮಾನು ಕಟ್ಟಿ, ಬಲ್ಗೇರಿಯಾದ ಕಡಲ ತೀರದವರೆಗೂ ಓಡಿಸಿಕೊಂಡು ಹೋದವರೂ ಅವರೇ. ಮಾಲುಖ್ ಅಂತ, ಅಂದರೆ ಪುಟಾಣಿ ಅಂತ, ಮುದ್ದಿನ ಹೆಸರಿಟ್ಟವರೂ ಅವರೇ. ಕಂಪನಿ ಆ ಹೆಸರನ್ನು ಅಧಿಕೃತವಾಗಿ ಒಪ್ಪಿದ್ದು 1997ರಲ್ಲಿ!

ಪೋಲೆಂಡಿನಲ್ಲಿ 2000ದ ಸೆಪ್ಟೆಂಬರ್‌ವರೆಗೆ 33 ಲಕ್ಷಕ್ಕೂ ಜಾಸ್ತಿ ತಯಾರಾದವು. ಇಟಲಿಯಲ್ಲಿ 1980ರ ಹೊತ್ತಿಗೇ ಉತ್ಪಾದನೆ ನಿಂತಿತ್ತು. ಅಲ್ಲಿಂದ ಮುಂದೆ ಪಶ್ಚಿಮ ಯುರೋಪಿನಲ್ಲಿ ಫಿಯೆಟ್ ತನ್ನ ಹೆಸರಲ್ಲಿ ಮಾರಿದ 126 ಕೂಡ ಪೋಲೆಂಡಿನವರ ಕೈಯಲ್ಲೇ ತಯಾರಾಗಿ ಬಂದದ್ದು.