ದೂರು ಕೊಟ್ಟ ಮೇಲೆ ಏನಾಯಿತು ಅಂತ ಯಾಕೆ ಯಾರೂ ಕೇಳುವುದಿಲ್ಲ?

ಹಾಲಿವುಡ್ ನಟಿ ಬ್ಲೇಕ್ ಲೈವ್ಲಿ ಮತ್ತು ನಟ, ನಿರ್ದೇಶಕ ಜಸ್ಟಿನ್ ಬಾಲ್ಡೋನಿ ಕೇಸಿನ ಬಗ್ಗೆ ಅಭಿಪ್ರಾಯ ಇಲ್ಲದವರು ಇಲ್ಲಿ ನ್ಯೂಜೆರ್ಸಿಯಲ್ಲಿ ನನಗೆ ಸಿಕ್ಕಿಲ್ಲ. ಆಫೀಸಿನಲ್ಲಿ ಊಟಕ್ಕೆ ಕೂತರೆ ಇದೇ ಮಾತು. ಕನ್ನಡ ಕೂಟದ ಕಾರ್ಯಕ್ರಮದಲ್ಲಿ ಬಿಸಿಬೇಳೆಬಾತ್ ಬಡಿಸಲು ನಿಂತವರ ನಡುವೆಯೂ ಇದೇ ಮಾತು. ‘ಇಟ್ ಎಂಡ್ಸ್ ವಿತ್ ಅಸ್’ ಸಿನಿಮಾದ ಶೂಟಿಂಗ್ ಹೋಬೋಕನ್, ಜೆರ್ಸಿ ಸಿಟಿ ಕಡೆ ನಡೆದಿತ್ತು, ಹಾಗಾಗಿ ಇಲ್ಲಿನವರಿಗೆ ಇದು ಪಕ್ಕದ ಬೀದಿಯ ಜಗಳದಷ್ಟು ಹತ್ತಿರ. ಎಲ್ಲರೂ ಕೇಳುವುದು ಒಂದೇ. ನೀವು ಯಾರ ಕಡೆ?

ಈ ಪ್ರಶ್ನೆಯ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಇದೇ ಪ್ರಶ್ನೆಯನ್ನು 2018ರಲ್ಲಿ ಊರಿನಿಂದ ಫೋನ್ ಮಾಡಿದವರ ಬಾಯಲ್ಲೂ ಕೇಳಿದ್ದೆ. ಆಗ ಹೆಸರುಗಳು ಶ್ರುತಿ ಹರಿಹರನ್ ಮತ್ತು ಅರ್ಜುನ್ ಸರ್ಜಾ. ಎರಡು ದೇಶ, ಎರಡು ಭಾಷೆ, ಸಿನಿಮಾದ ಬಜೆಟ್ಟಿನಲ್ಲಿ ಆಕಾಶ ಭೂಮಿಯ ವ್ಯತ್ಯಾಸ. ಜನ ಮಾತಾಡುವ ರೀತಿ ಮಾತ್ರ ಒಂದೇ.

ಮೊದಲು ಇಲ್ಲಿನ ಕಥೆ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಜನಕ್ಕೆ ಅದರ ಕೊನೆಯ ಭಾಗ ಮಾತ್ರ ಗೊತ್ತು. ಮನೆಯೊಳಗೆ ಹೆಂಡತಿ ಪೆಟ್ಟು ತಿನ್ನುವ ಕಥೆಯ ಸಿನಿಮಾ ಅದು. ನಿರ್ದೇಶಕ ಬಾಲ್ಡೋನಿ, ನಾಯಕನೂ ಅವನೇ, ಸಿನಿಮಾ ಮಾಡಿದ ವೇಫೇರರ್ ಸ್ಟುಡಿಯೋಸ್ ಕಟ್ಟಿದವರಲ್ಲಿ ಒಬ್ಬನೂ ಅವನೇ. ಅಂದರೆ ನಾಯಕಿ ಲೈವ್ಲಿಗೆ ಅವನು ಸಹನಟ, ಬಾಸ್, ಸಂಬಳ ಕೊಡುವ ಧಣಿ, ಮೂರೂ ಆಗಿದ್ದ. 2023ರ ಮೇ ತಿಂಗಳಲ್ಲಿ ಶೂಟಿಂಗ್ ಶುರುವಾಯಿತು, ಹಾಲಿವುಡ್ ಮುಷ್ಕರದಿಂದ ನಡುವೆ ನಿಂತಿತು. ಮತ್ತೆ ಶುರು ಮಾಡುವ ಮುಂಚೆ ಲೈವ್ಲಿ ಕಡೆಯವರು 17 ಅಂಶಗಳ ಒಂದು ಪಟ್ಟಿ ಕೊಟ್ಟರು. ಆಪ್ತ ದೃಶ್ಯಗಳನ್ನು ನೋಡಿಕೊಳ್ಳುವ ಇಂಟಿಮೆಸಿ ಕೋಆರ್ಡಿನೇಟರ್ ಸೆಟ್ಟಿನಲ್ಲಿ ಇರಬೇಕು, ದೂರು ಹೇಳಿದ್ದಕ್ಕೆ ಯಾರೂ ಸೇಡು ತೀರಿಸಿಕೊಳ್ಳಬಾರದು, ಹೀಗೆ. ಕಂಪನಿ ಅದಕ್ಕೆ ಸಹಿ ಹಾಕಿತು, ಶೂಟಿಂಗ್ ಮುಗಿಯಿತು, 2024ರ ಆಗಸ್ಟ್‌ನಲ್ಲಿ ಸಿನಿಮಾ ಬಂತು, ಚೆನ್ನಾಗಿಯೇ ಓಡಿತು.

ಆ ಆಗಸ್ಟ್‌ನಲ್ಲೇ ಲೈವ್ಲಿಯ ಮೇಲೆ ಆನ್‌ಲೈನಿನಲ್ಲಿ ಒಂದೇ ಸಮನೆ ಬೈಗುಳ ಸುರಿಯಿತು. ‘ಫ್ರೆಂಡ್ಸನ್ನು ಕರ್ಕೊಂಡು ಹೂವಿನ ಬಟ್ಟೆ ಹಾಕ್ಕೊಂಡು ಬನ್ನಿ’ ಅಂತ ಇಂಥ ಸಿನಿಮಾಗೆ ಪ್ರಚಾರ ಮಾಡಿದಳು, ತನ್ನ ಶಾಂಪೂ ಮಾರಿಕೊಂಡಳು, 2016ರಲ್ಲಿ ಒಬ್ಬ ಪತ್ರಕರ್ತೆಯ ಜೊತೆ ಒರಟಾಗಿ ಮಾತಾಡಿದಳು, ಎಲ್ಲ ಹೊರಗೆ ಬಂತು. ಡಿಸೆಂಬರ್‌ನಲ್ಲಿ ಅವಳು ಕ್ಯಾಲಿಫೋರ್ನಿಯಾದ ನಾಗರಿಕ ಹಕ್ಕುಗಳ ಇಲಾಖೆಗೆ ದೂರು ಕೊಟ್ಟಳು. ಸೆಟ್ಟಿನಲ್ಲಿ ಕಿರುಕುಳ ಆಯಿತು ಅನ್ನುವುದು ಒಂದು ಆರೋಪ. ಅದನ್ನು ಹೇಳಿದ್ದಕ್ಕೆ ಪ್ರಚಾರ ತಂಡ ಇಟ್ಟುಕೊಂಡು ತನ್ನ ಹೆಸರು ಕೆಡಿಸಿದರು ಅನ್ನುವುದು ಇನ್ನೊಂದು. ‘ನಾವು ಯಾರನ್ನು ಬೇಕಾದರೂ ಹೂತು ಹಾಕಬಹುದು’ ಅಂತ ಪ್ರಚಾರದವರೊಬ್ಬರು ಕಳಿಸಿದ್ದ ಮೆಸೇಜು ಆ ದೂರಿನಲ್ಲಿ ಇತ್ತು. ಬಾಲ್ಡೋನಿ ಎರಡೂ ಆರೋಪ ತಳ್ಳಿಹಾಕಿದ. ಮೆಸೇಜುಗಳನ್ನು ಹಿಂದುಮುಂದು ಇಲ್ಲದೆ ಕತ್ತರಿಸಿದ್ದಾರೆ, ತಮಾಷೆಗೆ ಹಾಕಿದ ಇಮೋಜಿಯನ್ನೂ ತೆಗೆದಿದ್ದಾರೆ ಅಂದ. ಸುದ್ದಿ ಮಾಡಿದ ನ್ಯೂಯಾರ್ಕ್ ಟೈಮ್ಸ್ ಮೇಲೆ 25 ಕೋಟಿ ಡಾಲರಿಗೆ, ಲೈವ್ಲಿ ಮತ್ತು ಅವಳ ಗಂಡ ರಯಾನ್ ರೆನಾಲ್ಡ್ಸ್ ಮೇಲೆ 40 ಕೋಟಿ ಡಾಲರಿಗೆ ಕೇಸ್ ಹಾಕಿದ. 2025ರ ಜೂನ್ 9ರಂದು ನ್ಯಾಯಾಧೀಶ ಲೂಯಿಸ್ ಲೈಮನ್ ಅವೆರಡನ್ನೂ ವಜಾ ಮಾಡಿದರು.

ಸೆಟ್ಟಿನಲ್ಲಿ ನಿಜವಾಗಿ ಏನು ನಡೆಯಿತು ಅಂತ ನಾನು ಹೇಳಲು ಹೋಗುವುದಿಲ್ಲ. ಅಲ್ಲಿ ಇದ್ದವನು ನಾನಲ್ಲ. ಆದರೆ ದೂರು ಹೇಳಿದ್ದಕ್ಕೆ ಹೆಸರು ಕೆಡಿಸಿದರು ಅನ್ನುವ ಆ ಎರಡನೇ ಆರೋಪವನ್ನು ಒಂದು ಸಲ ಗಮನ ಇಟ್ಟು ನೋಡಿ ಅಂತ ಕೇಳಿಕೊಳ್ಳುತ್ತೇನೆ. ನಾನು ಕೆಲಸ ಮಾಡುವುದು ನ್ಯೂಯಾರ್ಕಿನಲ್ಲಿ. ಅಲ್ಲಿನ ಕಾನೂನಿನ ಪ್ರಕಾರ ಪ್ರತಿ ವರ್ಷ ಎಲ್ಲ ನೌಕರರಿಗೂ ಕಿರುಕುಳ ತಡೆಯುವ ಬಗ್ಗೆ ತರಬೇತಿ ಕೊಡಲೇಬೇಕು. ತುಂಬಾ ಜನ ಸುಮ್ನೆ ಕ್ಲಿಕ್ ಮಾಡಿ ಮುಗಿಸುತ್ತಾರೆ. ಅದರಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ನಂಬಿಕೆಯಿಂದ ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಂಡರೆ ಅದೇ ಬೇರೆ ತಪ್ಪು. ಮೊದಲ ದೂರು ಸಾಬೀತಾಗದೇ ಹೋದರೂ ಸೇಡಿನ ತಪ್ಪು ತಪ್ಪೇ.

ಇದು ಎಷ್ಟು ದೊಡ್ಡ ವಿಷಯ ಅಂತ ನನಗೆ ಇಲ್ಲಿಗೆ ಬಂದ ಮೇಲೆ ನಿಧಾನವಾಗಿ ಅರ್ಥವಾಯಿತು. ರೂಮಿನೊಳಗೆ ಇಬ್ಬರೇ ಇದ್ದಾಗ ನಡೆದದ್ದಕ್ಕೆ ಸಾಕ್ಷಿ ಎಲ್ಲಿಂದ ತರುತ್ತೀರಿ? ದೂರಿನ ಆಮೇಲೆ ಆದದ್ದಕ್ಕೆ ಸಾಕ್ಷಿ ಸಿಗುತ್ತದೆ. ಯಾರು ಯಾರಿಗೆ ಫೋನ್ ಮಾಡಿದರು, ಯಾರನ್ನು ಕೆಲಸದಿಂದ ತೆಗೆದರು, ಯಾರ ಬಗ್ಗೆ ಯಾರು ದುಡ್ಡು ಕೊಟ್ಟು ಏನು ಬರೆಸಿದರು, ಇದೆಲ್ಲ ಎಲ್ಲಾದರೂ ಉಳಿದಿರುತ್ತದೆ. ಅದಕ್ಕೇ ಇಲ್ಲಿನ ಕಾನೂನು ಆ ಕಡೆಯೂ ನೋಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2023ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ದುರುದ್ದೇಶ ಇಲ್ಲದೆ ಕಿರುಕುಳದ ಬಗ್ಗೆ ಬಾಯಿ ಬಿಟ್ಟವರ ಮೇಲೆ ಮಾನನಷ್ಟ ಕೇಸ್ ಹಾಕಿ ಸೋತರೆ, ಅವರ ವಕೀಲರ ಖರ್ಚನ್ನೂ ಕೇಸ್ ಹಾಕಿದವರೇ ಕಟ್ಟಬೇಕಾಗಬಹುದು.

ಈಗ ನಮ್ಮ ಬೆಂಗಳೂರಿಗೆ ಬನ್ನಿ. 2018ರ ಅಕ್ಟೋಬರ್‌ನಲ್ಲಿ ಶ್ರುತಿ ಹರಿಹರನ್ ಅವರು ‘ವಿಸ್ಮಯ’ ಸಿನಿಮಾದ ರಿಹರ್ಸಲ್ ಸಮಯದಲ್ಲಿ ಅರ್ಜುನ್ ಸರ್ಜಾ ತಮ್ಮನ್ನು ಒಪ್ಪಿಗೆ ಇಲ್ಲದೆ ಮುಟ್ಟಿದರು ಎಂದು ಆರೋಪ ಮಾಡಿದರು. ಅರ್ಜುನ್ ಇದನ್ನು ಪೂರ್ತಿ ಅಲ್ಲಗಳೆದರು, 5 ಕೋಟಿ ರೂಪಾಯಿ ಮಾನನಷ್ಟ ಕೇಸ್ ಹಾಕಿದರು. ಶ್ರುತಿ ಕಬ್ಬನ್ ಪಾರ್ಕ್ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟರು. 2021ರಲ್ಲಿ ಪೊಲೀಸರು ಸಾಕ್ಷ್ಯ ಸಾಲದು ಎಂದು ಕೇಸ್ ಮುಚ್ಚಲು ಬಿ ರಿಪೋರ್ಟ್ ಹಾಕಿದರು. ಅಲ್ಲಿಗೆ ಜನರ ಲೆಕ್ಕದಲ್ಲಿ ವಿಷಯ ಮುಗಿಯಿತು.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಇವೆಲ್ಲದರ ನಡುವೆ ನಡೆದ ಒಂದು ಸಭೆ. ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಹಿರಿಯ ನಟ ಅಂಬರೀಶ್ ಅವರ ಮುಂದೆ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಲು ನೋಡಿದರು. ರಾಜಿ ಆಗಲಿಲ್ಲ. ಅಂಬರೀಶ್ ಮೇಲೆ ನನಗೆ ಗೌರವ ಇದೆ, ಚಿತ್ರರಂಗದ ನೂರು ಜಗಳ ಬಗೆಹರಿಸಿದ ದೊಡ್ಡ ಮನುಷ್ಯ. ಹಿರಿಯರು ಕೂತು ಜಗಳ ಬಿಡಿಸುವುದು ನಮ್ಮ ಪದ್ಧತಿ, ಸಂಭಾವನೆ ಜಗಳಕ್ಕೆ, ರಿಲೀಸ್ ದಿನಾಂಕದ ಜಗಳಕ್ಕೆ ಅದು ಒಳ್ಳೆಯ ಪದ್ಧತಿಯೂ ಹೌದು. ಆದರೆ ಒಬ್ಬ ಹೆಣ್ಣುಮಗಳು ನನ್ನ ಕೆಲಸದ ಜಾಗದಲ್ಲಿ ನನಗೆ ಹೀಗಾಯಿತು ಅಂದಾಗ ರಾಜಿ ಅಂದರೆ ಏನು? ಆರೋಪ ಸುಳ್ಳಾಗಿದ್ದರೆ ಆ ನಟರು ಯಾಕೆ ರಾಜಿಯಾಗಬೇಕು? ನಿಜವಾಗಿದ್ದರೆ ಅವಳು ಯಾಕೆ ಆಗಬೇಕು? ಅಲ್ಲಿ ಬೇಕಿದ್ದದ್ದು ವಿಚಾರಣೆ. ಅದನ್ನು ಮಾಡಬೇಕಾದ ಸಮಿತಿ ಆ ಸೆಟ್ಟಿನಲ್ಲಿ ಇತ್ತಾ ಅಂತ ಟೀವಿಯವರೂ ಕೇಳಲಿಲ್ಲ, ನಮ್ಮ ಮನೆಗಳಲ್ಲೂ ಯಾರೂ ಕೇಳಲಿಲ್ಲ.

ಕೇಳಿದ್ದು ಏನು? ‘ಆಗಲೇ ಯಾಕೆ ಹೇಳಲಿಲ್ಲ?’ ಇದೇ ಪ್ರಶ್ನೆಯನ್ನು ತಂದು ಲೈವ್ಲಿ ಕೇಸಿನ ಪಕ್ಕ ಇಡಿ. ಅವಳು ಶೂಟಿಂಗ್ ಅರ್ಧದಲ್ಲೇ ಹೇಳಿದಳು, ಕಾಗದದ ಮೇಲೆ ಬರೆಸಿದಳು, ಸಹಿಯನ್ನೂ ಹಾಕಿಸಿದಳು. ಆಗ ಜನ ‘ಅವಳಿಗೆ ಅಷ್ಟು ಪವರ್ ಇದೆ, ಸಿನಿಮಾವನ್ನೇ ಕಿತ್ತುಕೊಳ್ಳಲು ಇದೆಲ್ಲ ನಾಟಕ’ ಅಂದರು. ತಡವಾಗಿ ಹೇಳಿದರೆ ಸುಳ್ಳು, ಬೇಗ ಹೇಳಿದರೆ ದುರಾಸೆ. ಇನ್ನು ಯಾವಾಗ ಹೇಳಬೇಕು ಅಂತ ನೀವೇ ಹೇಳಿ.

ಶ್ರುತಿ ಅವರು ಆಮೇಲೆ ಅವಕಾಶಗಳು ಕಡಿಮೆಯಾದವು ಅಂತ ತಾವೇ ಹೇಳಿಕೊಂಡಿದ್ದಾರೆ. ಪೊಲೀಸರ ರಿಪೋರ್ಟಿಗೂ ಇದಕ್ಕೂ ಸಂಬಂಧವೇ ಇಲ್ಲ. ಸಾಕ್ಷ್ಯ ಸಿಗಲಿಲ್ಲ ಅಂದ ಮಾತ್ರಕ್ಕೆ ದೂರು ಕೊಟ್ಟವಳ ಹೊಟ್ಟೆಪಾಡು ಹೋಗಲಿ ಅಂತ ಯಾವ ಕಾನೂನೂ ಹೇಳಿಲ್ಲ. ಆದರೂ ಹೀಗಾದಾಗ ನಮಗೆ ಅದು ತಪ್ಪು ಅಂತ ಅನಿಸುವುದೇ ಇಲ್ಲ, ‘ಇಂಡಸ್ಟ್ರಿ ಅಂದರೆ ಹಾಗೇನೇ’ ಅಂದುಬಿಡುತ್ತೇವೆ. ನನ್ನನ್ನು ಜಾಸ್ತಿ ನೋಯಿಸುವುದು ಇದೇ.

ಹಾಗಂತ ಅಮೆರಿಕದ ದಾರಿಯೇ ಸರಿ ಅನ್ನುವವನು ನಾನಲ್ಲ. ಇಲ್ಲಿ ಕೋರ್ಟಿಗೆ ಕೊಟ್ಟ ಕಾಗದವನ್ನು ಯಾರು ಬೇಕಾದರೂ ಓದಬಹುದು, ಓದಿದರು ಕೂಡ. ಬಾಲ್ಡೋನಿ ಕಡೆಯವರು ಮೆಸೇಜುಗಳನ್ನೆಲ್ಲ ವೆಬ್‌ಸೈಟ್ ಮಾಡಿ ಹಾಕಿದರು. ಅವರಿಬ್ಬರ ಡ್ಯಾನ್ಸ್ ದೃಶ್ಯದ ಕತ್ತರಿಸದ ವಿಡಿಯೋವನ್ನೇ ಹೊರಗೆ ಬಿಟ್ಟರು. ಕೋಟ್ಯಂತರ ಜನ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಅವಳ ಮುಖದಲ್ಲಿ ಮುಜುಗರ ಇತ್ತಾ ಇಲ್ವಾ ಅಂತ ತೀರ್ಪು ಕೊಟ್ಟರು. ಲೈವ್ಲಿಯ ಗೆಳತಿ, ಗಾಯಕಿ ಟೇಲರ್ ಸ್ವಿಫ್ಟ್ ಹೆಸರನ್ನೂ ಎಳೆದು ತಂದರು. ಇನ್ನು ವಕೀಲರ ಖರ್ಚಿನ ಮಾತು. ಎರಡೂ ಕಡೆ ದುಡ್ಡು ಇದ್ದದ್ದಕ್ಕೆ ಇಷ್ಟು ದೂರ ಬಂತು. ಅದೇ ಸೆಟ್ಟಿನಲ್ಲಿ ಮೇಕಪ್ ಮಾಡುವ ಹುಡುಗಿಗೆ ಹೀಗಾಗಿದ್ದರೆ ಅವಳ ಹೆಸರೂ ನಮಗೆ ಗೊತ್ತಾಗುತ್ತಿರಲಿಲ್ಲ.

ಈ ವಿಷಯದಲ್ಲಿ ನಮ್ಮ ದೇಶದ ಕಾನೂನು ಕಾಗದದ ಮೇಲೆ ಮೇಲು ಅಂತ ಇಲ್ಲಿನ ಸ್ನೇಹಿತರಿಗೆ ಹೇಳಿದರೆ ಅವರು ನಂಬುವುದಿಲ್ಲ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಪೋಶ್ ಕಾಯ್ದೆ ಪ್ರಕಾರ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಜಾಗದಲ್ಲಿ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ವಕೀಲರನ್ನು ಕರೆತರುವಂತಿಲ್ಲ, ಹಾಗಾಗಿ ಖರ್ಚಿಲ್ಲ. ದೂರು ಕೊಟ್ಟವರ ಹೆಸರೂ, ಯಾರ ಮೇಲೆ ದೂರು ಬಂತೋ ಅವರ ಹೆಸರೂ ಹೊರಗೆ ಬರುವಂತಿಲ್ಲ. ಅರ್ಜುನ್ ಅವರಂಥ ಹಿರಿಯ ನಟರಿಗೂ ಇದರಿಂದ ಎಷ್ಟು ರಕ್ಷಣೆ ಇತ್ತು ನೋಡಿ. ಟೀವಿಯಲ್ಲಿ ವಾರಗಟ್ಟಲೆ ಎರಡೂ ಮನೆಯವರ ಮಾನ ಹರಾಜಾಗುವುದು ತಪ್ಪುತ್ತಿತ್ತು, ಅಲ್ವಾ?

ಆದರೆ ಈ ಕಾಯ್ದೆ ಬರೆದವರ ಕಣ್ಣ ಮುಂದೆ ಇದ್ದದ್ದು ಆಫೀಸು, ಸಿನಿಮಾ ಸೆಟ್ ಅಲ್ಲ. ವಿಚಾರಣೆ ನಡೆಯುವಾಗ ದೂರು ಕೊಟ್ಟವರಿಗೆ ವರ್ಗಾವಣೆ ಕೊಡಬಹುದು, ಮೂರು ತಿಂಗಳ ತನಕ ರಜೆ ಕೊಡಬಹುದು ಅನ್ನುತ್ತದೆ ಕಾಯ್ದೆ. ನಾಯಕಿಯನ್ನು ಎಲ್ಲಿಗೆ ವರ್ಗ ಮಾಡುತ್ತೀರಿ? ಜೂನಿಯರ್ ಆರ್ಟಿಸ್ಟಿಗೆ ರಜೆ ಅಂದರೆ ಕೂಲಿ ಇಲ್ಲ ಅಂತಲೇ ಅರ್ಥ. ಸೆಟ್ಟು 60 ದಿನ ಇರುತ್ತದೆ, ಆಮೇಲೆ ಎಲ್ಲರೂ ಚದುರಿ ಹೋಗುತ್ತಾರೆ. ದೂರು ಕೊಟ್ಟವಳಿಗೆ ಮುಂದಿನ ಸಿನಿಮಾ ಕೊಡುವವರು ಬೇರೆ ನಿರ್ಮಾಪಕರು, ಅವರು ಫೋನ್ ಎತ್ತದೇ ಇದ್ದರೆ ಅದನ್ನು ಸೇಡು ಅಂತ ಯಾರ ಹತ್ತಿರ ಸಾಬೀತು ಮಾಡುತ್ತೀರಿ? 17 ಅಂಶದ ಪಟ್ಟಿಯ ಬೆಲೆ ನನಗೆ ಕಾಣುವುದು ಇಲ್ಲಿ. ಅದು ಒಪ್ಪಂದದ ಮಾತು, ಸಿನಿಮಾ ಮುಗಿದು ಎಲ್ಲರೂ ಮನೆಗೆ ಹೋದ ಮೇಲೂ ಅದನ್ನು ಹಿಡಿದು ಕೇಳಬಹುದು. ನಮ್ಮಲ್ಲಿ ಎಷ್ಟು ನಟಿಯರ ಕೈಯಲ್ಲಿ ಪೂರ್ತಿ ಬರೆದ ಕರಾರು ಇದೆ? ಮಾತಿನ ಮೇಲೆ, ಅಡ್ವಾನ್ಸ್ ಮೇಲೆ ನಡೆಯುವ ಕೆಲಸವೇ ಜಾಸ್ತಿ.

ಕೇರಳದವರು ನಮಗಿಂತ ಮುಂದಿದ್ದಾರೆ, ಅವರಿಗೂ ಅದು ಸುಲಭವಾಗಿ ಬರಲಿಲ್ಲ. ಪ್ರತಿ ಸಿನಿಮಾ ತಂಡದಲ್ಲೂ ಆಂತರಿಕ ಸಮಿತಿ ಇರಬೇಕು ಅಂತ ಅಲ್ಲಿನ ಹೈಕೋರ್ಟಿನಿಂದ 2022ರಲ್ಲಿ ಹೇಳಿಸಿಕೊಳ್ಳಲು ಅಲ್ಲಿನ ಹೆಣ್ಣುಮಕ್ಕಳು ಸಂಘ ಕಟ್ಟಿ ಹೋರಾಡಬೇಕಾಯಿತು. ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿ ನೋಡಲು ಅಲ್ಲಿನ ಸರ್ಕಾರ ಮಾಡಿದ್ದ ಹೇಮಾ ಸಮಿತಿ 2019ರ ಕೊನೆಯಲ್ಲಿ ಕೊಟ್ಟ ವರದಿ ಜನರ ಕೈಗೆ ಬಂದದ್ದು 2024ರ ಆಗಸ್ಟ್‌ನಲ್ಲಿ. ಅದನ್ನು ನೋಡಿಯೇ ಕನ್ನಡ ಚಿತ್ರರಂಗದಲ್ಲಿ ಹಕ್ಕು, ಸಮಾನತೆಗೆ ಕೆಲಸ ಮಾಡುವ ನಮ್ಮ ಫೈರ್ ಸಂಘಟನೆಯವರು 153 ಜನರ ಸಹಿ ಇದ್ದ ಮನವಿಯನ್ನು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರಿಗೆ ಕೊಟ್ಟರು, ನಿವೃತ್ತ ನ್ಯಾಯಾಧೀಶರ ಸಮಿತಿ ಮಾಡಿ ಎಂದು. 153 ಜನ ಹೆಸರು ಹಾಕಿ ಸಹಿ ಮಾಡಿದ್ದು ಸಣ್ಣ ಧೈರ್ಯ ಅಲ್ಲ.

ಸರ್ಕಾರ ಕನ್ನಡ ಸಿನಿಮಾಗಳಿಗೆ ಸಬ್ಸಿಡಿ ಕೊಡುತ್ತದೆ. ಆ ಅರ್ಜಿಯ ಜೊತೆ ಸೆಟ್ಟಿನ ಆಂತರಿಕ ಸಮಿತಿಯ ವಿವರ, ಕಲಾವಿದರ ಜೊತೆ ಮಾಡಿಕೊಂಡ ಕರಾರಿನ ಪ್ರತಿ, ಅದರಲ್ಲಿ ‘ದೂರು ಕೊಟ್ಟವರ ಮೇಲೆ ಸೇಡು ಇಲ್ಲ’ ಅನ್ನುವ ಸಾಲು ಇರಬೇಕು ಅಂತ ಕೇಳಿದರೆ ಸಾಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಮಂಡಳಿಯವರು ಟೈಟಲ್ ನೋಂದಣಿ ಮಾಡುವಾಗಲೇ ಇದನ್ನು ಕೇಳಬಹುದು.

ಹೊರನಾಡಿನಲ್ಲಿ ಇರುವ ನಾವೂ ಸುಮ್ನೆ ಕೂರಬೇಕಿಲ್ಲ. ಕನ್ನಡ ಸಿನಿಮಾ ಬಂದರೆ ಇಲ್ಲಿ ಥಿಯೇಟರ್ ಬುಕ್ ಮಾಡುವವರು ನಾವು. ಸಮ್ಮೇಳನಕ್ಕೆ ತಾರೆಯರನ್ನು ಕರೆಸಿ, ಟಿಕೆಟ್ ಕೊಟ್ಟು, ಶಾಲು ಹೊದಿಸಿ, ಮನೆಗೆ ಊಟಕ್ಕೂ ಕರೆಯುವವರು ನಾವು. ಮುಂದಿನ ಸಲ ಯಾವುದಾದರೂ ಚಿತ್ರತಂಡ ನಮ್ಮ ಕೂಟಕ್ಕೆ ಬಂದಾಗ, ಪ್ರಶ್ನೋತ್ತರದಲ್ಲಿ ‘ನಿಮ್ಮ ಮೆಚ್ಚಿನ ತಿಂಡಿ ಯಾವುದು’ ಅಂತ ಕೇಳುವ ಹೊತ್ತಿನಲ್ಲೇ ನಾನು ಎದ್ದು ನಿಂತು ನಿರ್ಮಾಪಕರನ್ನು ಮರ್ಯಾದೆಯಿಂದ ಕೇಳುತ್ತೇನೆ: ಸಾರ್, ನಿಮ್ಮ ಸೆಟ್ಟಿನ ಸಮಿತಿಯಲ್ಲಿ ಯಾರು ಯಾರಿದ್ದರು? ಯಾರಾದರೂ ದೂರು ಕೊಟ್ಟಿದ್ದರಾ? ಕೊಟ್ಟವರಿಗೆ ನಿಮ್ಮ ಮುಂದಿನ ಸಿನಿಮಾದಲ್ಲಿ ಕೆಲಸ ಇದೆಯಾ?